ಗೆರೆ ಇಲ್ಲದ ಅಭಿಮಾನಿ

ಮನುಷ್ಯರ ಪ್ರೀತಿ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು ಮೊದಲೇ ಗೊತ್ತಾಗಿಬಿಟ್ಟರೆ ಹೇಗಿರುತ್ತದೆ? ಯಾರು ಯಾವ ಮಾತಿಗೆ ಮುನಿದು ಎದ್ದು ಹೋಗುತ್ತಾರೆ, ಯಾರು ಯಾವ ಸುದ್ದಿ ಕೇಳಿ ಬಾಗಿಲು ಹಾಕಿಕೊಳ್ಳುತ್ತಾರೆ ಎಂಬುದನ್ನು ಒಂದು ಯಂತ್ರ ಅವರವರ ಹೆಸರಿನ ಪಕ್ಕದಲ್ಲೇ ಬರೆದು ತೋರಿಸಿದರೆ? ಒಳ್ಳೆಯದೇ ಆಯಿತಲ್ಲ, ಎಚ್ಚರಿಕೆಯಿಂದ ಬಾಳಬಹುದು ಎನ್ನುವವರು ಇದ್ದಾರೆ. ಹುಬ್ಬಳ್ಳಿಯ ನೀಲಾಂಬಿಕಾ ಮುಳಗುಂದ ಕೂಡ ಹಾಗೆಯೇ ಅಂದುಕೊಂಡಿದ್ದಳು. ಪಾಪ, ಅವಳನ್ನು ಬೈದು ಏನು ಮಾಡುವುದು? ಅವಳ ಜಾಗದಲ್ಲಿ ನೀವಿದ್ದರೂ ನಾನಿದ್ದರೂ ಅದನ್ನೇ ಮಾಡುತ್ತಿದ್ದೆವು.

ನೀಲಾಂಬಿಕಾ ಅಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ನೀಲಕ್ಕ ಅಂದರೆ ಬೀದರಿನಿಂದ ಚಾಮರಾಜನಗರದ ತನಕ ಗೊತ್ತು. ಹಳೇ ಹುಬ್ಬಳ್ಳಿಯಲ್ಲಿ ಅವಳ ತಾಯಿ ಗುರುಸಿದ್ದವ್ವನ ಖಾನಾವಳಿ. ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡ ಮೇಲೆ ನೀಲಾ ತವರಿಗೆ ಬಂದು ಒಲೆಯ ಮುಂದೆ ಕೂತಳು. ಬೇಜಾರು ಕಳೆಯಲೆಂದು ಎದುರಿಗೆ ಫೋನ್ ನಿಲ್ಲಿಸಿಕೊಂಡು, 'ಪಡಸಾಲೆ' ಎಂಬ ಆ್ಯಪಿನಲ್ಲಿ ದಿನಾ ಮಧ್ಯಾಹ್ನ ಲೈವ್ ಬರತೊಡಗಿದಳು. ರೊಟ್ಟಿ ಬಡಿಯುವುದು, ಬಂದವರ ಜೊತೆ ಸುಖದುಃಖ ಮಾತಾಡುವುದು, ಅಷ್ಟೇ. ಒಂದು ದಿನ ಯಾರೋ "ಅಕ್ಕಾ, ನಿಮ್ಮ ಮನೆಯವರು ಏನ್ಮಾಡ್ತಾರೆ?" ಎಂದು ಕೇಳಿದರು. ಅವಳು ಉತ್ತರ ಕೊಡುವುದಕ್ಕೆ ಹೋಗಿ ಅತ್ತುಬಿಟ್ಟಳು. ಕಣ್ಣೀರು ಹಿಟ್ಟಿನ ಮೇಲೆ ಬೀಳುತ್ತಿತ್ತು, ಕೈ ಮಾತ್ರ ರೊಟ್ಟಿ ಬಡಿಯುತ್ತಲೇ ಇತ್ತು. ಆ ತುಣುಕು ಊರೂರು ಸುತ್ತಿತು. ಒಂದು ವಾರದೊಳಗೆ ಅವಳ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀಲಕ್ಕನ ಬಳಗ ಎಂದು ಅಭಿಮಾನಿಗಳ ಗುಂಪೇ ಹುಟ್ಟಿಕೊಂಡಿತು.

ಅಲ್ಲಿಂದ ಒಂದು ಪದ್ಧತಿ ಶುರುವಾಯಿತು. ದಿನದ ಮೊದಲ ರೊಟ್ಟಿ ಒಬ್ಬ ಅಭಿಮಾನಿಯ ಹೆಸರಿನಲ್ಲಿ. "ಇವತ್ತಿನ ಮೊದಲ ರೊಟ್ಟಿ ಸಿಂಧನೂರಿನ ಶಿವಗಂಗಾ ಅವರ ಹೆಸರಿಲೆ" ಎಂದು ಹೇಳಿ ಹಂಚಿಗೆ ಹಾಕುತ್ತಿದ್ದಳು. ಅದನ್ನು ಒಣಗಿಸಿ, ಖಡಕ್ ಮಾಡಿ, ಪಾರ್ಸೆಲ್ ಕಟ್ಟಿ ಅವರ ಮನೆಗೇ ಕಳಿಸುತ್ತಿದ್ದಳು. ಆ ಒಂದು ರೊಟ್ಟಿಗಾಗಿ ಜನ ಹೇಗೆ ಹಾತೊರೆಯುತ್ತಿದ್ದರೆಂದರೆ, ಬಂದ ರೊಟ್ಟಿಯನ್ನು ತಿನ್ನದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರೂ ಇದ್ದರು.

ಎಲ್ಲ ಸರಿಯಾಗಿಯೇ ಇತ್ತು. ಆಗ ಗಿರಣಿಯ ವಿರೂಪಾಕ್ಷ ಬಾಯಿಬಿಟ್ಟ.

ವಿರೂಪಾಕ್ಷ ಪಕ್ಕದ ಓಣಿಯವನು. ಖಾನಾವಳಿಗೆ ಜೋಳದ ಹಿಟ್ಟು ಅವನ ಗಿರಣಿಯಿಂದಲೇ ಬರುತ್ತಿತ್ತು. ಆಳಿನ ಕೈಯಲ್ಲಿ ಕಳಿಸಬಹುದಾದ ಚೀಲವನ್ನು ಅವನೇ ಹೆಗಲ ಮೇಲೆ ಹೊತ್ತು ತರುತ್ತಿದ್ದ. ಯಾಕೆಂದು ಗುರುಸಿದ್ದವ್ವನಿಗೂ ಗೊತ್ತಿತ್ತು, ನೀಲಾಳಿಗೂ ಗೊತ್ತಿತ್ತು. ಒಂದು ದಿನ ಚೀಲ ಇಳಿಸಿ, ಮೈಮೇಲಿನ ಹಿಟ್ಟು ಕೊಡವಿಕೊಂಡು, "ಶ್ರಾವಣ ಮುಗೀಲಿ. ಮದುವಿ ಮಾಡ್ಕೊಳ್ಳೂಣು. ಏನಂತೀ?" ಎಂದ.

ನೀಲಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೂಂ ಅನ್ನಲು ಬಾಯಿ ತೆರೆದವಳು, ಎದುರಿಗಿದ್ದ ಫೋನ್ ಕಡೆ ನೋಡಿದಳು. ಇಷ್ಟು ಜನ ಏನಂದಾರು? ತನ್ನ ದುಃಖ ನೋಡಿ ಬಂದವರು, ಸುಖ ನೋಡಿ ಇರುತ್ತಾರೆಯೇ? "ಸ್ವಲ್ಪ ತಡೀರಿ, ವಿಚಾರ ಮಾಡಿ ಹೇಳ್ತೀನಿ" ಅಂದಳು.

ವಿಚಾರ ಮಾಡಲು ಅವಳು ಹೋದದ್ದು ದೇವರ ಗುಡಿಗಲ್ಲ, ಗೋಕುಲ ರಸ್ತೆಯಲ್ಲಿದ್ದ ಪಡಸಾಲೆ ಕಂಪನಿಗೆ.

ಅಲ್ಲಿಯ ಕಂಟ್ರೋಲ್ ರೂಮಿನಲ್ಲಿ ಗೋಡೆ ತುಂಬ ಪರದೆಗಳು. ಶಬಾನಾ ನದಾಫ ಅಲ್ಲಿ ಹಿರಿಯ ಎಂಜಿನಿಯರ್. ಹಳೇ ಹುಬ್ಬಳ್ಳಿಯವಳೇ, ಓದುವ ಕಾಲದಲ್ಲಿ ಗುರುಸಿದ್ದವ್ವನ ಖಾನಾವಳಿಯಲ್ಲಿ ಉಂಡವಳು. ಆ ಋಣಕ್ಕೋ ಏನೋ, ಉಳಿದವರಿಗೆ ತೋರಿಸದ್ದನ್ನು ನೀಲಾಳಿಗೆ ತೋರಿಸಿದಳು.

"ಬಳಗದವ್ರಿಗೆ ನಾವು ಪುಕ್ಕಟೆ ಕಡಗಾ ಕೊಡತೀವಲ್ರಿ ನೀಲಕ್ಕಾ, ಕೈಗೆ ಹಾಕ್ಕೊಂಡು ನಿಮ್ಮ ಲೈವ್ ನೋಡತಾರಲ್ಲ, ಅದು ಬರೇ ಚಂದಕ್ಕ ಅಲ್ಲ. ಅದು ನಾಡಿ ನೋಡ್ತೈತಿ, ಮೈ ಬೆವರಿದ್ದು ನೋಡ್ತೈತಿ. ಇನ್ನೊಂದು ಮಾತು. ನೀವು ಒಬ್ಬಾಕಿ ಕುಂತು ಮಾತಾಡತೀರಿ, ಆದ್ರ ಎಲ್ಲಾರಿಗೂ ಒಬ್ಬಾಕೀನ ನೀಲಕ್ಕ ಕಾಣೂದಿಲ್ಲ."

"ಹಂಗಂದ್ರ?"

"ಈಗ ಬಾಗಲಕೋಟಿ ಒಬ್ಬಾಂವ ನೋಡಾಕತ್ತಾನ ಅಂತ ತಿಳೀರಿ. ಅವಂಗಷ್ಟ, ಒಂದ ಕ್ಷಣ, ನಿಮ್ಮ ಕೊರಳಾಗ ತಾಳಿ ಕಾಣೂ ಹಂಗ ಯಂತ್ರ ಚಿತ್ರ ತಿದ್ದತೈತಿ. ಇನ್ನೊಬ್ಬಾಕಿಗೆ ನೀವು ಆಡದ ಮಾತು ನಿಮ್ಮ ದನಿಯೊಳಗ ಕೇಳಸ್ತೈತಿ. ಅವರಿಗೆ ಗೊತ್ತೂ ಆಗೂದಿಲ್ಲ, ಆದ್ರ ಕೈಯಾಗಿನ ಕಡಗಕ್ಕ ಗೊತ್ತಾಗ್ತೈತಿ. ನಾವು ಅದಕ್ಕ ಚಿವುಟೂದು ಅಂತೀವಿ. ಹಿಂಗ ಸಾವಿರ ಸಲ ಚಿವುಟಿದ್ರ, ಇಂಥಾಂವ ಇಂಥಾದ್ದಕ್ಕ ಬಿಟ್ಟು ಹೋಗತಾನ ಅಂತ ಯಂತ್ರಕ್ಕ ತಿಳಿದುಬಿಡ್ತೈತಿ. ಅದು ಅವನ ಗೆರಿ."

"ಇದು ಮೋಸ ಅಲ್ಲೇನ ಶಬಾನಾ?"

"ಬಳಗಕ್ಕ ಸೇರೂ ಮುಂದ ಎಲ್ಲಾರೂ ಒಪ್ಪಿಗಿ ಒತ್ತಿರತಾರ್ರಿ. ಯಾರೂ ಓದಿರೂದಿಲ್ಲ, ಅದು ಬ್ಯಾರೆ ಮಾತು."

ಬೇಡ ಅನ್ನಬೇಕೆಂದು ನೀಲಾಳಿಗೆ ಅನ್ನಿಸಿತು, ನಿಜ. ಆದರೆ ತನ್ನನ್ನು ಅಷ್ಟೊಂದು ಹಚ್ಚಿಕೊಂಡವರ ಮನಸ್ಸಿನೊಳಗೆ ಏನಿದೆ ಎಂದು ಇಣುಕಿ ನೋಡುವ ಅವಕಾಶವನ್ನು ಯಾರು ಬಿಟ್ಟಾರು? "ಆ ಗೆರಿ ನನಗೂ ಕಾಣೂ ಹಂಗ ಮಾಡಿಕೊಡವಾ" ಅಂದಳು.

ಮರುದಿನ ಒಲೆಯ ಪಕ್ಕ, ಹಿಟ್ಟಿನ ಡಬ್ಬಿಯ ಮೇಲೆ, ಅವಳಿಗಷ್ಟೇ ಕಾಣುವಂತೆ ಒಂದು ಪುಟ್ಟ ಪರದೆ ಬಂದು ಕೂತಿತು. ಯಾರಾದರೂ ಮಾತು ಬರೆದರೆ ಅವರ ಹೆಸರಿನ ಕೆಳಗೆ ಅವರ ಗೆರೆ ಕಾಣಿಸುತ್ತಿತ್ತು.

ಮೊದಲು ಬಂದವನು ಗೋಕಾಕದ ಪರಶು. ಬಳಗದ ಹಳೆಯ ಆಳು. ಮುಂಗೈ ಮೇಲೆ ನೀಲಕ್ಕ ಎಂದು ಹಚ್ಚೆ ಹಾಕಿಸಿಕೊಂಡವನು. "ಅಕ್ಕಾ, ನಿಮಗ ಜೀವಾ ಬೇಕಂದ್ರ ಜೀವಾ ಕೊಡ್ತೀನಿ" ಎಂದು ದಿನಾ ಬರೆಯುತ್ತಿದ್ದ, ಅವತ್ತೂ ಬರೆದ. ಕೆಳಗೆ ಗೆರೆ: ತನ್ನ ಹೆಸರಿಗಿಂತ ಮೊದಲು ಇನ್ನೊಬ್ಬರ ಹೆಸರು ಪದೇ ಪದೇ ಬಂದರೆ ಬಿಡುತ್ತಾನೆ. ನೀಲಾಳಿಗೆ ನಗು ಬಂತು. ರಾಯಚೂರಿನ ಒಬ್ಬ ಟೀಚರ್: ಬಣ್ಣದ ಸೀರೆ ಉಟ್ಟರೆ ಬಿಡುತ್ತಾಳೆ. ಶಿವಮೊಗ್ಗದ ಒಬ್ಬ ಡಾಕ್ಟರ್: ತನ್ನ ಸಲಹೆ ಕೇಳದಿದ್ದರೆ ಬಿಡುತ್ತಾನೆ. ನಗು ಅಲ್ಲಿಗೆ ನಿಂತಿತು. ಅದರ ಮುಂದೆ ಹೆಸರಿನ ಮೇಲೆ ಹೆಸರು, ಊರಿನ ಮೇಲೆ ಊರು, ಕೆಳಗೆ ಮಾತ್ರ ಅದೇ ಎರಡು ಮಾತು. ಮತ್ತೆ ಮದುವೆಯಾದರೆ ಬಿಡುತ್ತಾನೆ. ಅಳುವುದನ್ನು ನಿಲ್ಲಿಸಿದರೆ ಬಿಡುತ್ತಾಳೆ. ಮತ್ತೆ ಮದುವೆಯಾದರೆ. ಅಳುವುದನ್ನು ನಿಲ್ಲಿಸಿದರೆ.

ಗುರುಸಿದ್ದವ್ವ ಕನ್ನಡಕ ಮೂಗಿಗೇರಿಸಿ ಬಗ್ಗಿ ಓದಿದಳು. ಅವಳ ಬಾಯಿ ಮೊದಲೇ ಜೋರು.

"ಇವೆಂಥಾ ಮಂದಿನ ಬೇ! ನೀ ಅತ್ತರ ಬರತಾರಂತ, ನಕ್ಕರ ಹೋಗತಾರಂತ. ಇವರ ಬಾಯಾಗ ಮಣ್ಣ ಹಾಕಲಿ. ಹೋಗೋರು ಹೋಗಲಿ ಬಿಡು, ನೀ ವಿರೂಪಾಕ್ಷಗ ಹೂಂ ಅನ್ನು."

"ಅವ್ವಾ, ಸುಮ್ನಿರ. ನಿನಗ ತಿಳಿಯೂದಿಲ್ಲ. ಇವರಿಲ್ಲದಿದ್ರ ನಾ ಯಾರು?"

"ನನ್ನ ಮಗಳು" ಎಂದು ಗುರುಸಿದ್ದವ್ವ ಒಳಗೆ ಹೋದಳು. ಆ ಉತ್ತರ ಮಗಳಿಗೆ ಸಾಲಲಿಲ್ಲ, ಏನು ಮಾಡೋಣ.

ಅವತ್ತಿನಿಂದ ನೀಲಾ ಗೆರೆಗಳ ನಡುವೆ ಹೆಜ್ಜೆ ನೋಡಿಕೊಂಡು ನಡೆಯತೊಡಗಿದಳು. ಬಣ್ಣದ ಸೀರೆಗಳು ಟ್ರಂಕಿನ ತಳ ಸೇರಿದವು. ಪರಶುವಿನ ಹೆಸರು ಮೊದಲು, ಆಮೇಲೆ ಉಳಿದವರದು. ಡಾಕ್ಟರು ಏನು ಹೇಳಿದರೂ ಹೌದ್ರಿ ಹೌದ್ರಿ. ಮನಸ್ಸು ಹಗುರವಾಗಿದ್ದ ದಿನವೂ ಗಂಡನ ಮಾತು ತೆಗೆದು ನಾಲ್ಕು ಹನಿ ಕಣ್ಣೀರು ಹಾಕುತ್ತಿದ್ದಳು. ಮೊದಮೊದಲು ಈರುಳ್ಳಿ ಹೆಚ್ಚಬೇಕಾಗುತ್ತಿತ್ತು, ಆಮೇಲೆ ಅದೂ ಬೇಕಾಗಲಿಲ್ಲ. ವಿರೂಪಾಕ್ಷನಿಗೆ ದಸರಾ ಆಗಲಿ ಅಂದಳು. ದಸರಾ ಆದ ಮೇಲೆ ಸಂಕ್ರಾಂತಿ ಆಗಲಿ ಅಂದಳು. ಅವನು ಹೂಂ ಅನ್ನುತ್ತಿದ್ದ, ಚೀಲ ಇಳಿಸುತ್ತಿದ್ದ, ಹೋಗುತ್ತಿದ್ದ.

ಹೀಗಿರುವಾಗ ಆ ಹೆಸರು ಕಣ್ಣಿಗೆ ಬಿತ್ತು. ಗಜೇಂದ್ರಗಡದ ಚೆನ್ನವ್ವ. ಬಹಳ ದಿನದಿಂದ ಬರುತ್ತಿದ್ದವಳೇ. ಹೆಚ್ಚು ಮಾತಿಲ್ಲ. ಮಧ್ಯೆ ಮಧ್ಯೆ "ಇಲ್ಲೇ ಇದ್ದೇನೆ" ಎಂದು ಬರೆಯುತ್ತಿದ್ದಳು, ಅಷ್ಟೇ. ಅವಳ ಹೆಸರಿನ ಕೆಳಗೆ ಯಂತ್ರ ಬರೆದಿತ್ತು: ಗೆರೆ ಇಲ್ಲ.

ನೀಲಾ ರೊಟ್ಟಿ ಹಂಚಿನ ಮೇಲೆಯೇ ಬಿಟ್ಟು ನೋಡಿದಳು. ರೊಟ್ಟಿ ಸೀದು ಹೊಗೆ ಬಂತು. ಲೈವ್ ಮುಗಿದ ತಕ್ಷಣ ಶಬಾನಾಗೆ ಫೋನ್ ಮಾಡಿದಳು.

"ನಾವೂ ನೋಡೀವ್ರಿ," ಅಂದಳು ಶಬಾನಾ. "ಎಲ್ಲಾ ರೀತೀಲೆ ಚಿವುಟಿ ನೋಡೀವಿ. ತಾಳಿ ತೋರಿಸಿದ್ವಿ, ಬೈಗಳಾ ಕೇಳಿಸಿದ್ವಿ, ನಿಮ್ಮ ಮಾರಿ ಬದ್ಲಿ ಬ್ಯಾರೆ ಮಾರಿ ಸೈತ ಇಟ್ಟು ನೋಡಿದ್ವಿ. ಹೋಗೂದಿಲ್ರಿ ಆ ಮುದುಕಿ. ನಿಮ್ಮ ದನಿ ಬಂದಕೂಡ್ಲೆ ನಾಡಿ ಏರತೈತಿ, ಮುಗಿಯೂತನಕಾ ಇಳಿಯೂದಿಲ್ಲ."

"ಅಂದ್ರ ಅಷ್ಟು ಪ್ರೀತಿ?"

"ಹಂಗ ಹೇಳಾಕ ಬರೂದಿಲ್ರಿ. ಯಂತ್ರಕ್ಕ ಎದಿ ಅಲಗಿದ್ದು ತಿಳೀತೈತಿ, ಯಾಕ ಅಲಗಿತು ಅನ್ನೂದು ತಿಳಿಯೂದಿಲ್ಲ. ಹೋಗ್ತಾರೋ ಇರ್ತಾರೋ ಅದನ್ನಷ್ಟ ಅದು ಹೇಳೂದು."

ಈ ಕೊನೆಯ ಮಾತನ್ನು ನೀಲಾ ಕಿವಿಗೆ ಹಾಕಿಕೊಳ್ಳಲಿಲ್ಲ. ಮನುಷ್ಯರಿಗೆ ಬೇಕಾದ ಮಾತು ಬಂದ ಮೇಲೆ ಉಳಿದದ್ದು ಯಾರಿಗೆ ಕೇಳಿಸುತ್ತದೆ? ಇದ್ದಾಳೆ, ಒಬ್ಬಳಾದರೂ ಇದ್ದಾಳೆ ಎಂದು ಅವಳು ಮನೆ ತುಂಬ ಓಡಾಡಿದಳು. ಆ ಖುಷಿಯಲ್ಲೇ ಇನ್ನೊಂದು ಹುಚ್ಚು ತಲೆಗೆ ಹೊಕ್ಕಿತು. ಚೆನ್ನವ್ವನಿಗೆ ಗೆರೆ ಇಲ್ಲವಾದರೆ, ವಿರೂಪಾಕ್ಷನಿಗೆ? ಇಷ್ಟು ಜನರನ್ನು ಬಿಟ್ಟು ಅವನ ಹಿಂದೆ ಹೋಗಬೇಕಾದರೆ ಅವನದೂ ಒಮ್ಮೆ ನೋಡಿಬಿಡುವುದು ಒಳ್ಳೆಯದಲ್ಲವೇ?

ಒಂದು ಕಡಗ ತರಿಸಿ ಅವನ ಕೈಗೆ ತಾನೇ ಹಾಕಿದಳು. "ಗಿರಣ್ಯಾಗ ಕುಂತು ನನ್ನ ಲೈವ್ ನೋಡ್ರಿ" ಅಂದಳು. ವಿರೂಪಾಕ್ಷ ಹುಡುಗನಂತೆ ಹಿಗ್ಗಿದ. ಮೊದಲ ಸಲ ಅವಳು ಕೊಟ್ಟ ಉಡುಗೊರೆ, ಹಿಗ್ಗದೆ ಏನು.

ನಾಲ್ಕು ದಿನದ ಮೇಲೆ ಅವನು ಚೀಲವಿಲ್ಲದೆ ಬಂದ. ಅಡುಗೆಮನೆಯ ಬಾಗಿಲಲ್ಲೇ ನಿಂತ.

"ನಿನ್ನಿ ಲೈವಿನ್ಯಾಗ ಹಂಗ್ಯಾಕ ಅಂದಿ?"

"ಏನಂದೆ?"

"ಗಿರಣಿಯಾಂವ ಬೆನ್ನ ಬಿದ್ದಾನ, ಅವನ ಕಾಟಾ ತಡಕೊಳ್ಳಾಕ ಆಗವಲ್ದು, ಹಿಟ್ಟಿನ ಸಲುವಾಗಿ ಸುಮ್ನಿದ್ದೀನಿ ಅಂದಿ. ನಕ್ಕೋತ ಅಂದಿ. ನಾ ಕಿವಿಯಾರೆ ಕೇಳೀನಿ."

ನೀಲಾ ಅಂಥ ಮಾತು ಆಡಿಯೇ ಇರಲಿಲ್ಲ. ಅದು ಯಂತ್ರ ಚಿವುಟಿದ್ದು. ಸಾವಿರಾರು ಜನ ಅಂಥ ಮಾತು ಕೇಳಿ ಒಳಗೊಳಗೇ ಕುದಿದು ಸುಮ್ಮನಿದ್ದರೆ, ಈ ಪುಣ್ಯಾತ್ಮ ಅಂಗಿ ಹಾಕಿಕೊಂಡು ಕೇಳುವುದಕ್ಕೆ ಮನೆಗೇ ಬಂದಿದ್ದ. ಅವಳು ಸುಳ್ಳು ಹೇಳಬಹುದಿತ್ತು. ಹೇಳಲು ಬರಲಿಲ್ಲ. ಕಡಗದ ಮಾತು, ಗೆರೆಯ ಮಾತು, ಎಲ್ಲ ಹೇಳಿದಳು.

ವಿರೂಪಾಕ್ಷ ಕೊನೆಯ ತನಕ ಕೇಳಿದ. ಕೇಳಿ, ಕಡಗ ಬಿಚ್ಚಿ ನೀರಿನ ಕೊಡದ ಪಕ್ಕ ಇಟ್ಟ.

"ನಾ ಎರಡ ವರ್ಷ ಹಿಟ್ಟ ಹೊತ್ತೀನಿ. ಅದು ಸಾಕಾಗಲಿಲ್ಲ ನಿನಗ, ನನ್ನ ನಾಡಿ ಬೇಕಾತು."

"ತಪ್ಪಾತ್ರಿ. ಹೆದರಿಕಿ ಆಗಿತ್ತು ನಂಗ."

"'ನಿನ್ನ ಗೆರಿ ಎಲ್ಲೈತಿ' ಅಂತ ನನ್ನ ಕೇಳಿದ್ರ ನಾನ ಹೇಳತಿದ್ದೆ, ನೀಲಾ. ಇಲ್ಲೇ ಐತಿ ನೋಡು."

ಅಷ್ಟು ಹೇಳಿ ಹೋದ. ಮರುದಿನದಿಂದ ಹಿಟ್ಟು ಆಟೋದಲ್ಲಿ ಬಂತು. ಗುರುಸಿದ್ದವ್ವ ಮಗಳ ಜೊತೆ ಎಂಟು ದಿನ ಮಾತು ಬಿಟ್ಟಳು. ನೀಲಾ ಆ ಎಂಟೂ ದಿನ ಲೈವಿನಲ್ಲಿ ನಿಜವಾಗಿಯೇ ಅತ್ತಳು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವುದು ಬೇಕೂ ಇರಲಿಲ್ಲ. ಬಳಗ ತುಂಬಿ ತುಳುಕಿತು. ಪರಶು "ಇದು ನಮ್ಮ ಅಕ್ಕ ಅಂದ್ರ" ಎಂದು ಬರೆದ.

ಅದನ್ನು ಓದಿದಾಗ ನೀಲಾಳಿಗೆ ಹೇಸಿಗೆ ಹುಟ್ಟಿತು. ಇವರ ಮೇಲೆಲ್ಲ, ತನ್ನ ಮೇಲೂ. ಮದುವೆ ಬಿಟ್ಟೆ, ಮನುಷ್ಯನನ್ನು ಕಳೆದುಕೊಂಡೆ, ಯಾರ ಸಲುವಾಗಿ? ಸೀರೆಯ ಬಣ್ಣ ಬದಲಾದರೆ ಎದ್ದು ಹೋಗುವವರ ಸಲುವಾಗಿ. ಅವಳಿಗೆ ಹಿಡಿದುಕೊಳ್ಳಲು ಒಂದು ಆಧಾರ ಬೇಕಾಗಿತ್ತು. ಪರದೆಯ ಮೇಲೆ ಚೆನ್ನವ್ವ "ಇಲ್ಲೇ ಇದ್ದೇನೆ" ಅಂದಳು.

"ಇವತ್ತಿನ ಮೊದಲ ರೊಟ್ಟಿ ಗಜೇಂದ್ರಗಡದ ಚೆನ್ನವ್ವನ ಹೆಸರಿಲೆ" ಅಂದಳು ನೀಲಾ. ಮರುದಿನವೂ ಅದನ್ನೇ ಅಂದಳು. ಅದರ ಮರುದಿನವೂ.

ಮೂರನೆಯ ದಿನ ಬಳಗದಲ್ಲಿ ಗುಸುಗುಸು. ವಾರ ಕಳೆಯುವಷ್ಟರಲ್ಲಿ ಗದ್ದಲ. ಯಾರೀಕೆ ಚೆನ್ನವ್ವ? ನಾವೇನು ಸತ್ತಿದ್ದೇವೆಯೇ? ನಮ್ಮಿಂದ ದೊಡ್ಡವಳಾಗಿ ನಮ್ಮನ್ನೇ ಮರೆತಳು. ಪರಶು ಒಂದು ವಿಡಿಯೋ ಹಾಕಿದ. ಮುಂಗೈ ಮೇಲಿನ ಹಚ್ಚೆಗೆ ಅಡ್ಡ ಗೀಟು ಹಾಕಿಸಿಕೊಂಡಿದ್ದ. ಗೀಟು ಹಾಕುವಾಗಿನ ಸೂಜಿಯ ಸದ್ದನ್ನೂ ಕೇಳಿಸಿದ್ದ. ಜೀವ ಕೊಡುತ್ತೇನೆ ಅಂದವನು ಈಗ ಅವಳ ಮಾನ ತೆಗೆಯಲು ಹೊರಟಿದ್ದ. ಆ ವಿಡಿಯೋ ನೋಡಿದವರು ಅವಳ ಲೈವ್ ನೋಡುವವರಿಗಿಂತ ಹೆಚ್ಚು.

ಶಬಾನಾ ಕಂಪನಿಗೆ ಕರೆಸಿದಳು. ಕಂಟ್ರೋಲ್ ರೂಮಿನ ಪರದೆಗಳ ಮೇಲೆ ನೀಲಾಳ ನೋಡುಗರ ಲೆಕ್ಕದ ಗೀರು ಇಳಿಜಾರಿಗೆ ಬಿದ್ದಿತ್ತು.

"ಅರ್ಧಕ್ಕರ್ಧ ಮಂದಿ ಹೋಗ್ಯಾರ್ರಿ ನೀಲಕ್ಕಾ. ಗೆರಿ ಎಲ್ಲೆಲ್ಲಿ ಅದಾವ ಅಂತ ತೋರಿಸಿಕೊಟ್ಟೆ, ನೀವು ನೋಡಿ ನೋಡಿ ತುಳದ್ರಿ. ಇನ್ನೂ ಕಾಲ ಮಿಂಚಿಲ್ಲ. ನಾಳೆ ರೊಟ್ಟಿ ಪರಶು ಹೆಸರಿಲೆ ಹಾಕ್ರಿ. ಚೂರು ಕ್ಷಮಾ ಕೇಳ್ರಿ, ಚೂರು ಅಳ್ರಿ. ಬರತಾರ."

"ಚೆನ್ನವ್ವ ಅದಾಳಲ್ಲ?"

"ಅದಾಳ್ರಿ."

"ಹಂಗಾರ ಹೋಗೋರು ಹೋಗಲಿ. ನಾ ಆಕಿನ್ನ ನೋಡಬೇಕು ಶಬಾನಾ. ಒಮ್ಮೆ ಕಾಲ ಮುಟ್ಟಿ ಬರ್ತೀನಿ. ಆಮ್ಯಾಲೆ ಯಾರ ಗೆರಿನೂ ನಂಗ ಬ್ಯಾಡ."

ಶಬಾನಾ ಮತ್ತೆ ಪರದೆಗಳ ಕಡೆ ತಿರುಗಿದಳು. ಇಂಥ ಹೊತ್ತಿನಲ್ಲಿ ಯಾರು ಏನು ಹೇಳಿದರೂ ದಂಡ ಎಂದು ಅವಳಿಗೆ ಗೊತ್ತಿತ್ತು.

ರೊಟ್ಟಿಯ ಪಾರ್ಸೆಲ್ ಕಳಿಸಿ ಕಳಿಸಿ ವಿಳಾಸ ನೀಲಾಳಿಗೆ ಬಾಯಿಪಾಠವಾಗಿತ್ತು. ಭಾನುವಾರ ಬೆಳಿಗ್ಗೆ, ಅವತ್ತಿನ ಲೈವ್ ಬಿಟ್ಟು, ಟ್ರಂಕಿನ ತಳದಿಂದ ಹಸಿರು ಸೀರೆ ತೆಗೆದು ಉಟ್ಟಳು. ಚೆನ್ನವ್ವನಿಗೊಂದು ಇಳಕಲ್ ಸೀರೆ, ಹಣ್ಣು, ಹೂವು ಕಟ್ಟಿಕೊಂಡು ಬಸ್ ಹತ್ತಿದಳು. ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಮಾತಾಡುತ್ತಿದ್ದಳು. ಅವ್ವಾ, ನೀನೊಬ್ಬಳು ಇದ್ದೀ ಅಂತ ನಾನು ಇದ್ದೀನಿ. ಹೀಗೆ ಹೇಳಬೇಕು, ಹೇಳಿ ಮಡಿಲಲ್ಲಿ ತಲೆ ಇಡಬೇಕು. ಬಹಳ ದಿನದ ಮೇಲೆ ಅವಳ ಮನಸ್ಸು ಹಗುರವಾಗಿತ್ತು.

ಗಜೇಂದ್ರಗಡದಲ್ಲಿ ನೇಕಾರರ ಓಣಿ. ಓಣಿ ತುಂಬ ಮಗ್ಗದ ಸದ್ದು. ಬಾಗಿಲು ತೆರೆದವಳು ಸೊಸೆ ರೇಣುಕಾ. ಒಂದು ಗಳಿಗೆ ಬಾಯಿ ತೆರೆದು ನಿಂತಳು.

"ಅಯ್ಯಯ್ಯ, ನೀಲಕ್ಕ! ಖರೇನ ನೀವ ಏನ್ರಿ? ಬರ್ರಿ, ಬರ್ರಿ ಒಳಗ. ಯವ್ವಾ, ಯಾರ ಬಂದಾರ ನೋಡ!"

ಒಳಮನೆಯಲ್ಲಿ ಮಂಚದ ಮೇಲೆ ಒಂದು ಮುದುಕಿ ಮಲಗಿತ್ತು. ಮುಖದ ಒಂದು ಮಗ್ಗುಲು ಜೋತು ಬಿದ್ದಿತ್ತು, ಬಾಯಿಯ ಅಂಚಿನಲ್ಲಿ ಜೊಲ್ಲು. ಒಣಗಿದ ಕೈಯಲ್ಲಿ ಕಡಗ ಸಡಿಲವಾಗಿತ್ತು, ಜಾರಬಾರದೆಂದು ದಾರದಿಂದ ಕಟ್ಟಿದ್ದರು. ಎದುರಿನ ಗೋಡೆಯ ಟಿ.ವಿ.ಯಲ್ಲಿ ನಿನ್ನೆಯ ನೀಲಕ್ಕ ರೊಟ್ಟಿ ಬಡಿಯುತ್ತಾ ಮಾತಾಡುತ್ತಿದ್ದಳು.

"ಸಾಕು" ಅಂದಿತು ಮುದುಕಿ.

"ಪಾರ್ಶ್ವವಾಯು ಹೊಡದ ಮ್ಯಾಲೆ ಅದೊಂದ ಮಾತ ಉಳದೈತ್ರಿ," ಅಂದಳು ರೇಣುಕಾ. "ಉಣ್ಣಸಾಕ ಹೋದ್ರೂ ಸಾಕು, ನೀರ ಕುಡಸಾಕ ಹೋದ್ರೂ ಸಾಕು. ಅದಕ್ಕೇನ ಅರ್ಥ ಇಲ್ಲ ಬಿಡ್ರಿ. ನಾನು ಮಗ್ಗದ ಶೆಡ್ಡಿಗೆ ಹೋಗಬೇಕು, ಇವರ ಮಗ ಸೂರತ್ತಿನ್ಯಾಗ ಅದಾರ. ಇವರ ಹತ್ರ ಕೂಡೋರ ಯಾರು? ನಿಮ್ಮ ಪಡಸಾಲಿ ಕಡಗಾ ಪುಕ್ಕಟೆ ಕೊಡತಾರಂತ ಗೊತ್ತಾತು. ನಾಡಿ ನನ್ನ ಫೋನಿಗೆ ಬರತೈತಿ. ಏನರ ಹೆಚ್ಚು ಕಡಿಮಿ ಆದ್ರ ಓಡಿ ಬರತೀನಿ. ನೀವ ನಮ್ಮ ಪಾಲಿನ ದೇವರು ನೋಡ್ರಿ."

"ಮತ್ತ... ಆಕಿ ಬರೀತಾಳಲ್ಲ, ಇಲ್ಲೇ ಇದ್ದೇನೆ ಅಂತ?"

"ಅದಾ? ನೋಡಾಕತ್ತೀರೋ ಇಲ್ಲೋ ಅಂತ ಆಗಾಗ ಆ್ಯಪ್ ಕೇಳತೈತಲ್ರಿ, ಉತ್ರಾ ಕೊಡದಿದ್ರ ಬಂದ್ ಆಗತೈತಿ. ಅದಕ್ಕ ತಾನ ಉತ್ರಾ ಹೋಗೂ ಹಂಗ ಮಾಡಿಟ್ಟೀನ್ರಿ. ಕುಂದರ್ರಿ, ಚಹಾ ಇಡತೀನಿ."

ನೀಲಾ ಮಂಚದ ಅಂಚಿಗೆ ಕೂತಳು. ಹೂವು ಕೈಯಲ್ಲೇ ಇತ್ತು. ಗೋಡೆಯ ಮೇಲಿನ ನೀಲಕ್ಕ "ನೀವ ನನ್ನ ಜೀವಾ" ಎಂದಳು. "ಸಾಕು" ಅಂದಿತು ಮುದುಕಿ. ಗೋಡೆಯ ನೀಲಕ್ಕ ಕಣ್ಣೊರೆಸಿಕೊಂಡಳು. "ಸಾಕು, ಸಾಕು." ಕಡಗದ ಮೇಲೆ ನಾಡಿಯ ಅಂಕಿ ಏರುತ್ತಿತ್ತು. ಮುದುಕಿಯ ಸರಿಯಿದ್ದ ಒಂದು ಕಣ್ಣು ಟಿ.ವಿ.ಯನ್ನು ನೋಡುತ್ತಿದ್ದ ರೀತಿ ನೋಡಿ ನೀಲಾಳಿಗೆ ಎಲ್ಲ ಅರ್ಥವಾಯಿತು. ಅದು ಪ್ರೀತಿಯಲ್ಲ. ಎದ್ದು ಹೋಗಲಾರದವಳ ಸಿಟ್ಟು.

ಅವಳು ರಿಮೋಟ್ ಹುಡುಕಿ ಟಿ.ವಿ. ಆರಿಸಿದಳು. ಮನೆ ಗಪ್ಪಾಯಿತು. ಓಣಿಯ ಮಗ್ಗದ ಸದ್ದು ಒಳಗೆ ಬಂತು. ಚೆನ್ನವ್ವ ಉಸಿರು ಬಿಟ್ಟಳು. ಕಿವಿಗೊಟ್ಟು ಆ ಸದ್ದನ್ನೇ ಕೇಳುತ್ತಾ ಮಲಗಿದಳು. ಅವಳ ಮೈ ಸಡಿಲವಾಯಿತು, ಕಡಗದ ಅಂಕಿ ನಿಧಾನಕ್ಕೆ ಇಳಿಯಿತು, ಸರಿಯಿದ್ದ ಕಣ್ಣಿನಿಂದ ಒಂದು ಹನಿ ಜಾರಿತು. ಆರಿಸಿದವರು ಯಾರು ಎಂದು ಮುದುಕಿ ಮೆಲ್ಲಗೆ ಕಣ್ಣು ಹೊರಳಿಸಿ ನೋಡಿತು. ಅಷ್ಟು ಮೆತ್ತಗೆ ನೀಲಾಳನ್ನು ಯಾರಾದರೂ ನೋಡಿ ಬಹಳ ಕಾಲವಾಗಿತ್ತು.

"ಅವ್ವಾ, ನಾನು..." ಅಂದಳು.

ಆ ದನಿ ಕೇಳಿದ್ದೇ ತಡ, ಚೆನ್ನವ್ವನ ಮೈ ಬಿಗಿಯಿತು. ಕಡಗದ ಅಂಕಿ ಸರ್ರನೆ ಏರಿತು.

"ಸಾಕು."

ಅಷ್ಟರಲ್ಲಿ ರೇಣುಕಾ ಚಹಾ ಹಿಡಿದು ಬಂದವಳು ಗೋಡೆ ನೋಡಿ ಗಾಬರಿಯಾದಳು.

"ಯಾಕ ಆರಿಸಿದ್ರಿ ಯಕ್ಕಾ? ಅದು ನಡದಿದ್ರಷ್ಟ ಕಡಗಾ ನಡಿಯೂದು. ಕಂಪನಿಯವರು ಹಂಗ ಮಾಡ್ಯಾರ. ಆರಿಸಿದ್ರ ಸ್ವಲ್ಪ ಹೊತ್ತಿಗೆ ನಾಡಿನೂ ಬಂದ್."

"ಆಕಿಗೆ ಬ್ಯಾಡ ತಂಗಿ. ನನ್ನ ದನಿ ಬ್ಯಾಡ ಆಕಿಗೆ. ಮಗ್ಗದ ಸಪ್ಪಳಾ ಬೇಕು."

ರೇಣುಕಾ ಅತ್ತೆಯ ಮುಖ ನೋಡಿದಳು, ನೀಲಾಳ ಮುಖ ನೋಡಿದಳು. ಅವಳೇನು 'ಗೊತ್ತಿರಲಿಲ್ಲ' ಅನ್ನಲಿಲ್ಲ.

"ಇರಬಹುದ್ರಿ. ಆದ್ರ ನಾ ದುಡಿಯಾಕ ಹೋಗಬೇಕಲ್ಲ? ಇವತ್ತು ನೀವ ಬಂದೀರಿ, ಸಂಜಿತನಕಾ ನೀವ ಕೂಡತೀರೇನು ಇವರ ಹತ್ರ? ಮಾತಾಡೂದು ಬ್ಯಾಡ, ಸುಮ್ನ ಕುಂತ್ರ ಸಾಕು. ನಾ ಶೆಡ್ಡಿಗೆ ಹೋಗಿ ಬರತೀನಿ. ಒಂದಿನಾ ಅವರಿಗೂ ಆರಾಮ."

ದೊಡ್ಡ ಮಾತೇನೂ ಅಲ್ಲ. ಒಂದು ಮಧ್ಯಾಹ್ನ ಸುಮ್ಮನೆ ಕೂರುವುದು. ಬರುವಾಗ ಈ ಕಾಲನ್ನು ಮುಟ್ಟಿ ಈ ಮಡಿಲಲ್ಲಿ ತಲೆ ಇಡಬೇಕೆಂದು ಬಂದವಳು ಅವಳು. ಚೆನ್ನವ್ವ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು. ನೀಲಾ ಆ ಮುಖವನ್ನು ನೋಡಿದಳು. ಜೋತುಬಿದ್ದ ತುಟಿ, ಜೊಲ್ಲು, ದಾರ ಕಟ್ಟಿದ ಕೈ. ತನ್ನ ದನಿ ಕೇಳಿದರೆ ಮೈ ಬಿಗಿಯುವ, ತನ್ನನ್ನು ಒಂದು ದಿನವೂ ಬಯಸದ, ಯಾರೋ ಪರಕೀಯ ಮುದುಕಿ. ಬಸ್ಸಿನಲ್ಲಿ ಹೊತ್ತು ತಂದ ಪ್ರೀತಿ ಎಲ್ಲಿ ಹೋಯಿತೆಂದು ಒಳಗೆ ತಡಕಾಡಿದಳು. ಇರಲಿಲ್ಲ. ಇವಳು ತನ್ನ ಅಭಿಮಾನಿಯಲ್ಲ ಎಂದು ಗೊತ್ತಾದ ಗಳಿಗೆಯಲ್ಲೇ ಅದು ಎದ್ದು ಹೋಗಿತ್ತು. ಹಾಗಾದರೆ ನನ್ನ ಗೆರೆಯೂ ಇಲ್ಲೇ ಇತ್ತಲ್ಲ ಎಂದು ನೀಲಾಳಿಗೆ ಅನ್ನಿಸಿತು. ಅನ್ನಿಸಿ ನಾಚಿಕೆಯಾಯಿತು, ನಾಚಿಕೆಯಾದರೂ ಕೂರುವ ಮನಸ್ಸಾಗಲಿಲ್ಲ.

"ನಂಗ ಬಸ್ಸಿಗೆ ಹೊತ್ತಾತು ತಂಗಿ," ಅಂದಳು.

"ಗೊತ್ತೈತ್ರಿ," ಅಂದಳು ರೇಣುಕಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹಂಗಾರ ಹಚ್ಚಿ ಹೋಗ್ರಿ."

ರಿಮೋಟ್ ನೀಲಾಳ ಕೈಯಲ್ಲೇ ಇತ್ತು. ಅವಳು ಒತ್ತಿದಳು. ಗೋಡೆಯ ಮೇಲೆ ನೀಲಕ್ಕ ಬಂದಳು, ಬಿಳಿ ಸೀರೆ, ಕೆಂಪು ಕಣ್ಣು, ನೀವಿಲ್ಲದೆ ನಾನಿಲ್ಲ ಅಂದಳು. ಚೆನ್ನವ್ವ "ಸಾಕು" ಅನ್ನಲೂ ಇಲ್ಲ. ತಿರುಗಲು ಬರುತ್ತಿದ್ದ ಒಂದೇ ಕಡೆಗೆ ಮುಖ ತಿರುಗಿಸಿದಳು. ಆ ಕಡೆಗೂ ದನಿ ಕೇಳುತ್ತಿತ್ತು.

ಹೊರಗೆ ಬಿಸಿಲಿತ್ತು. ನೀಲಾ ಸೀರೆ, ಹಣ್ಣು, ಹೂವನ್ನು ಕಟ್ಟೆಯ ಮೇಲೆ ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆದಳು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಊರು ದಾಟುವಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು. ಸೆರಗು ಬಾಯಿಗೆ ತುರುಕಿಕೊಂಡು ಹೇಗೋ ತಡೆದಳು. ನಾಳೆ ಮಧ್ಯಾಹ್ನದ ಲೈವಿಗೆ ಬೇಕಾಗುತ್ತದೆ ಎಂದು ಅದನ್ನು ಒಳಗೇ ಇಟ್ಟುಕೊಂಡಳು.